ಕೆಳಗಿನ ಮನೆಯ ಛತ್ತಿನ ಕಲೆ

ಮನೆಯೊಳಗೆ ಗಿಡ ಇಡುವುದನ್ನು ನನಗೆ ಕಲಿಸಿದವರು ಚಿಕ್ಕೋಡಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲಕಿ. ಆ ಗಿಡಗಳನ್ನೇ ನೆಪ ಮಾಡಿ ನಮ್ಮನ್ನು ಆ ಮನೆಯಿಂದ ಎಬ್ಬಿಸಿದವರೂ ಅವರೇ. ಈ ಎರಡನೆಯ ಮಾತು ನನಗೆ ತಿಳಿಯುವ ಹೊತ್ತಿಗೆ ನಾವು ಅಥಣಿಗೆ ಬಂದು ಒಂದು ಮಳೆಗಾಲ ಮುಗಿಯುತ್ತ ಬಂದಿತ್ತು.

ನಾನು ಹುಟ್ಟಿ ಬೆಳೆದದ್ದು ಅಲಖನೂರಿನಲ್ಲಿ, ಕಬ್ಬಿನ ಹೊಲದ ಮನೆಯಲ್ಲಿ. ಅಲ್ಲಿ ಮಣ್ಣು ಎಂದರೆ ಹೊಸ್ತಿಲ ಆಚೆಗಿನ ವಸ್ತು. ಕಬ್ಬಿಗೆ ನೀರು ಬಿಟ್ಟು ಬಂದ ಅಪ್ಪ ಹಿತ್ತಲ ಕಲ್ಲಿನ ಮೇಲೆ ನಿಂತು ಮೊಣಕಾಲಿನವರೆಗೆ ತೊಳೆದುಕೊಂಡ ಮೇಲೆಯೇ ಅವ್ವ ಒಳಗೆ ಬಿಡುತ್ತಿದ್ದಳು. ಹಾಗಾಗಿ ಪೇಟೆಯ ಮಂದಿ ದುಡ್ಡು ಕೊಟ್ಟು ಮಣ್ಣು ತಂದು ಸೋಫಾದ ಪಕ್ಕದಲ್ಲಿ ಇಟ್ಟುಕೊಳ್ಳುವುದನ್ನು ಮೊದಲ ಸಲ ನೋಡಿದಾಗ ನನಗೆ ನಗು ಬಂದಿತ್ತು.

ಮದುವೆಯಾದ ಮೇಲೆ ಚಿಕ್ಕೋಡಿಯ ಮಹಡಿ ಮನೆಗೆ ಬಂದೆವು. ನಾನು ಒಂದು ಖಾಸಗಿ ಲ್ಯಾಬಿನಲ್ಲಿ ರಕ್ತ ತೆಗೆದು ಪರೀಕ್ಷೆ ಮಾಡುವ ಟೆಕ್ನಿಷಿಯನ್. ನನ್ನ ಗಂಡನ ಕೆಲಸ ಅಥಣಿಯ ಹತ್ತಿರ, ಒಣದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜಿನಲ್ಲಿ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದರು. ಕಬ್ಬು ಕಡಿಯುವ ಹಂಗಾಮಿನಲ್ಲಿ ಕೃಷ್ಣಾ ಸೇತುವೆಯ ಆಚೆ ಈಚೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು, ಮನೆ ಮುಟ್ಟುವಾಗ ಸೋತು ಸುಣ್ಣವಾಗಿರುತ್ತಿದ್ದರು. ಅಥಣಿಗೇ ಹೋಗಿಬಿಡೋಣ ಎಂದು ಆಗಾಗ ಅನ್ನುತ್ತಿದ್ದರು. ನನ್ನ ಕೆಲಸ ಇಲ್ಲಿ ಕುದುರಿದೆ, ಸ್ವಲ್ಪ ತಡೆಯಿರಿ ಎಂದು ನಾನು ಅನ್ನುತ್ತಿದ್ದೆ.

ಕೆಳಗಿನ ಮನೆಯಲ್ಲಿ ಮಾಲೀಕರು. ಬಹಳ ಹಿಂದಿನಿಂದ ಅದೇ ಊರಲ್ಲಿರುವ ಜೈನ ಮನೆತನ. ಊರ ಹೊರಗೆ ಕಬ್ಬಿನ ಜಮೀನು, ಪೇಟೆಯಲ್ಲಿ ಬಟ್ಟೆ ಅಂಗಡಿ. ಮಾಲೀಕರು, ಅವರ ಹೆಂಡತಿ, ವಯಸ್ಸಾದ ತಾಯಿ. ಮಾಲೀಕರ ತಮ್ಮನೊಬ್ಬ ನಿಪ್ಪಾಣಿಯಲ್ಲಿ ಮೊಬೈಲ್ ಅಂಗಡಿ ಇಟ್ಟುಕೊಂಡಿದ್ದ, ಇನ್ನೂ ಮದುವೆಯಾಗಿರಲಿಲ್ಲ. ಮಾಲೀಕರ ಹೆಂಡತಿಯನ್ನು ನಾನು ಅಕ್ಕಾ ಎನ್ನುತ್ತಿದ್ದೆ. ಅವರು ನನ್ನನ್ನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದರು. ತಾಯಿಯನ್ನು ಇಡೀ ಓಣಿಯೇ ಆಯಿ ಎಂದು ಕರೆಯುತ್ತಿತ್ತು.

ಅಕ್ಕನ ತವರು ಕೊಲ್ಹಾಪುರದ ಕಡೆ. ಕನ್ನಡ ಕಲಿತದ್ದು ಮದುವೆಯಾದ ಮೇಲೆ. ಮರಾಠಿಯಲ್ಲಿ ಹೂವಿನ ಕುಂಡಕ್ಕೆ ಕುಂಡಿ ಎನ್ನುತ್ತಾರಷ್ಟೆ. ಅಕ್ಕ ಕನ್ನಡದಲ್ಲಿಯೂ ಅದೇ ಮಾತು ಬಳಸುತ್ತಿದ್ದರು. ಮೊದಲ ಸಲ ನಮ್ಮ ಮನೆಗೆ ಬಂದವರು ಕಿಟಕಿಯ ಹತ್ತಿರ ನಾನಿಟ್ಟಿದ್ದ ಪ್ಲಾಸ್ಟಿಕ್ ಡಬ್ಬಿಯ ಮನಿ ಪ್ಲಾಂಟ್ ನೋಡಿ, ನನ್ನ ಗಂಡನ ಎದುರಿಗೇ, "ವೈನಿ, ನಿಮ್ಮ ಕುಂಡಿ ಭಾಳ ಸಣ್ಣದಾತು, ದೊಡ್ಡದ ಬೇಕ್ರಿ" ಎಂದರು. ನನ್ನ ಗಂಡ ಚಹಾದ ಕಪ್ಪು ಹಿಡಿದುಕೊಂಡೇ ಒಳಗೆ ಎದ್ದುಹೋದರು. ಆ ಮಾತಿನ ಕನ್ನಡದ ಅರ್ಥವನ್ನು ನಾನು ಅಕ್ಕನ ಕಿವಿಯಲ್ಲಿ ಹೇಳಿದೆ. ಅವರು ಸೆರಗನ್ನು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ಆ ದಿನದಿಂದ ನಾವು ಗೆಳತಿಯರಾದೆವು.

ಆ ಮನಿ ಪ್ಲಾಂಟನ್ನು ದೊಡ್ಡ ಕುಂಡಕ್ಕೆ ಹಾಕಲು ನಾನು ಮಾಡಿದ ಮೊದಲ ಪ್ರಯತ್ನ ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಚೀಲದಿಂದ ಒಣ ಮಣ್ಣನ್ನು ಹಾಲ್‌ನಲ್ಲಿಯೇ ಸುರಿದೆ. ಫ್ಯಾನು ತಿರುಗುತ್ತಿತ್ತು. ಧೂಳು ಟೀವಿಯ ಮೇಲೆ, ಇಸ್ತ್ರಿ ಮಾಡಿಟ್ಟ ಅಂಗಿಗಳ ಮೇಲೆ ಕೂತಿತು. ಕುಂಡದ ಕಂಠದವರೆಗೆ ಮಣ್ಣು ತುಂಬಿ ಚೊಂಬಿನಿಂದ ನೀರು ಹೊಯ್ದೆ. ಮೇಲಿಂದ ಉಕ್ಕಿತು, ಕೆಳಗಿನ ತೂತುಗಳಿಂದ ಕೆಂಪು ನೀರು ಹರಿದು ಬಾಗಿಲಿನತ್ತ ಹೊರಟಿತು. ನಾನು ಒಂದು ಟವೆಲ್ಲು ಹಿಡಿದು ಅದರ ಹಿಂದೆ ಓಡಾಡುತ್ತಿದ್ದಾಗ ಅಕ್ಕ ಮೇಲೆ ಬಂದರು.

"ಥಾಂಬಾ, ಥಾಂಬಾ" ಎಂದು ನನ್ನ ಕೈ ಹಿಡಿದು ನಿಲ್ಲಿಸಿದರು. "ಒರಸಬ್ಯಾಡ್ರಿ, ಇನ್ನೂ ರಾಡಿ ಆಗ್ತೈತಿ. ಒಣಗಲಿ, ಆಮ್ಯಾಲ ಕಸಾ ಹೊಡದ್ರ ಆತು. ಬರೂ ರವಿವಾರ ನಾ ಬರ್ತೀನಿ, ಹ್ಯಾಂಗ ಅಂತ ತೋರಸ್ತೀನಿ."

ಆ ಭಾನುವಾರ ಅವರ ಅಂಗಡಿಯ ಹಳೆಯ ಫ್ಲೆಕ್ಸ್ ಹಾಳೆಯೊಂದನ್ನು ಸುರುಳಿ ಸುತ್ತಿಕೊಂಡು ತಂದರು. ಅದನ್ನು ನೆಲಕ್ಕೆ ಹಾಸಿ, ನಾಲ್ಕೂ ಅಂಚುಗಳನ್ನು ಮೇಲಕ್ಕೆ ಮಡಚಿ ಮೂಲೆಗಳಿಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದರು. ಈಗ ಅದು ಹಿಟ್ಟು ನಾದುವ ಒಂದು ದೊಡ್ಡ ಪರಾತದಂತಾಯಿತು. ಫ್ಯಾನು ಬಂದ್ ಮಾಡಿಸಿದರು. ಮಣ್ಣಿಗೆ ಕೈಯಿಂದ ನೀರು ಚಿಮುಕಿಸಿ ಕಲೆಸಿದರು. "ಉಂಡಿ ಕಟ್ಟೂ ಹದಾ ಇರಬೇಕು. ಮುಟಗಿ ಹಿಡದ್ರ ನಿಲ್ಲಬೇಕು, ಬೆರಳ ತಾಕಿದ್ರ ಒಡೀಬೇಕು. ಹಿಂಗಿದ್ರ ಧೂಳಾ ಏಳೂದಿಲ್ಲ." ಕುಂಡದ ತೂತಿನ ಮೇಲೆ ಹಂಚಿನ ಚೂರು ಬೋರಲು ಇಟ್ಟರು, ಅದರ ಮೇಲೆ ತೆಂಗಿನ ನಾರು. ಗಿಡವನ್ನು ಡಬ್ಬಿಯಿಂದ ಎಳೆಯಲಿಲ್ಲ. ಡಬ್ಬಿಯನ್ನು ಅಡ್ಡ ಹಿಡಿದು ಸುತ್ತ ತಟ್ಟಿದರು, ಬೇರಿನ ಮುದ್ದೆ ತಾನೇ ಜಾರಿ ಅಂಗೈಗೆ ಬಂತು. ಮಣ್ಣು ತುಂಬಿ ಮೇಲೆ ಎರಡು ಬೆರಳು ಜಾಗ ಬಿಟ್ಟರು. "ಈ ಜಾಗಾ ನೀರಿಂದು. ಇದನ್ನ ಮಣ್ಣಿಗೆ ಕೊಟ್ರ ನೀರು ನೆಲಕ್ಕ ಹೋಗ್ತೈತಿ." ಕೆಲಸ ಮುಗಿದ ಮೇಲೆ ಫ್ಲೆಕ್ಸನ್ನು ಒಂದು ಮೂಲೆಯಿಂದ ಎತ್ತಿ ಉಳಿದ ಮಣ್ಣನ್ನು ಚೀಲಕ್ಕೆ ಇಳಿಸಿದರು. ನೆಲದ ಮೇಲೆ ಒಂದು ಕಣವೂ ಇರಲಿಲ್ಲ. ನಾನು ಬಗ್ಗಿ ನೋಡಿದೆ.

ಅಲ್ಲಿಂದ ಗಿಡಗಳು ಹೆಚ್ಚುತ್ತ ಹೋದವು. ನಿಪ್ಪಾಣಿಗೆ ಹೋದಾಗಲೆಲ್ಲ ಹೈವೇ ಬದಿಯ ನರ್ಸರಿಯಲ್ಲಿ ಇಳಿಯುವುದು ನಮ್ಮಿಬ್ಬರ ರೂಢಿಯಾಯಿತು. ಸ್ನೇಕ್ ಪ್ಲಾಂಟ್, ಸ್ಪೈಡರ್ ಪ್ಲಾಂಟ್, ಎಲೆಗೆ ಬಿಳಿ ಚುಕ್ಕೆಯ ಒಂದು ಗಿಡ, ಅದರ ಹೆಸರು ನರ್ಸರಿಯವನಿಗೂ ಗೊತ್ತಿರಲಿಲ್ಲ. ಪೀಸ್ ಲಿಲಿ ಮಾತ್ರ ಅಕ್ಕನೇ ಆರಿಸಿ ಕೊಡಿಸಿದ್ದು. ನೀರು ಹಾಕುವುದರಲ್ಲಿ ನಾನು ಅವರನ್ನೂ ಮೀರಿಸಿದೆ. ಸೂಜಿ ತೆಗೆದ ದೊಡ್ಡ ಸಿರಿಂಜಿನಿಂದ ಬುಡದ ಸುತ್ತ ನಿಧಾನ ನೀರು ಬಿಡುತ್ತಿದ್ದೆ, ಎಲೆಗೆ ತಾಗದಂತೆ, ಕುಂಡದ ಕಂಠಕ್ಕೆ ತಾಗದಂತೆ. ಪ್ರತಿ ಕುಂಡದ ಕೆಳಗೆ ತಟ್ಟೆ. ಅರ್ಧ ಗಂಟೆ ಬಿಟ್ಟು ತಟ್ಟೆಯಲ್ಲಿ ಇಳಿದ ನೀರನ್ನು ಅದೇ ಸಿರಿಂಜಿನಿಂದ ಎಳೆದು ಬಕೆಟ್ಟಿಗೆ. ದಿನವಿಡೀ ರಕ್ತದ ಹನಿ ಟೇಬಲ್ಲಿಗೆ ಬೀಳದಂತೆ ದುಡಿಯುವ ಕೈಗೆ ಇದೇನು ಕಷ್ಟವಲ್ಲ.

ಆಯಿಗೆ ಮಾತ್ರ ಇದರಲ್ಲಿ ಒಂದು ತಕರಾರಿತ್ತು. ನೀರನ್ನು ಬಟ್ಟೆಯಲ್ಲಿ ಸೋಸದೆ ಕುಡಿಯದ, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಹೆಂಗಸು ಅವರು. "ಮಳಿಗಾಲದಾಗ ಮಣ್ಣ ಕೆದರಬ್ಯಾಡ್ರವ್ವಾ, ಸಣ್ಣ ಸಣ್ಣ ಜೀವಾ ಇರ್ತಾವು" ಎನ್ನುತ್ತಿದ್ದರು. ಅವರ ಮಾತಿಗೆ ಚಾತುರ್ಮಾಸ ಮುಗಿಯುವ ತನಕ ನಾವು ಕುಂಡ ಬದಲಿಸುತ್ತಿರಲಿಲ್ಲ.

ಹೀಗೆ ಕೆಲವು ವರ್ಷ. ಒಂದು ದೀಪಾವಳಿ ಕಳೆದ ಮೇಲೆ, ಮಳೆ ಪೂರಾ ಹಿಂದೆ ಸರಿದು ಬೆಳಗಿನ ಚಳಿ ಶುರುವಾಗಿದ್ದ ಹೊತ್ತು, ಅಕ್ಕ ಮೇಲೆ ಬಂದರು. ಎಂದಿನಂತೆ ಒಳಗೆ ಬಂದು ಕೂರಲಿಲ್ಲ. ಬಾಗಿಲಲ್ಲೇ ನಿಂತರು.

"ವೈನಿ, ಮನಸ್ಸಿಗೆ ಹಚ್ಕೋಬ್ಯಾಡ್ರಿ. ನಮ್ಮ ಹಾಲ್‌ನ ಛತ್ತಿಗೆ ಹಸಿ ಹಿಡದೈತಿ. ನಿಮ್ಮ ಗಿಡದ ನೀರ ಇರಬೇಕು ಅಂತಾರ ಇವರು."

ನಾನು ಕೆಳಗೆ ಹೋಗಿ ನೋಡಿದೆ. ಬಿಳಿ ಛತ್ತಿನ ಒಂದು ಬದಿಗೆ ರೊಟ್ಟಿಯಷ್ಟಗಲದ ಹಳದಿ ಕಲೆ. ಅಂಚಿನಲ್ಲಿ ಬಣ್ಣ ಉಬ್ಬಿತ್ತು. ಆಯಿ ಅದರ ಕೆಳಗೆ ಕುರ್ಚಿಯಲ್ಲಿ ಕೂತು ಜಪಮಾಲೆ ಎಣಿಸುತ್ತಿದ್ದವರು ನನ್ನ ಕಡೆ ಒಮ್ಮೆ ನೋಡಿ ಕಣ್ಣು ಮುಚ್ಚಿಕೊಂಡರು.

"ನಾ ಒಂದ ಹನಿ ಬೀಳಗೊಡೂದಿಲ್ಲಕ್ಕಾ, ನೀವ ನೋಡೀರಿ" ಎಂದೆ.

"ನೋಡೀನ್ರಿ. ಆದ್ರೂ ಎಲ್ಲಿಂದರ ಇಳೀಬೇಕಲಾ" ಎಂದರು ಅಕ್ಕ.

ಅಂದಿನಿಂದ ನನ್ನ ಮನೆಯೇ ನನಗೆ ಪರೀಕ್ಷೆಯ ಕೋಣೆಯಾಯಿತು. ಗಿಡಗಳನ್ನೆಲ್ಲ ಆ ಬದಿಯಿಂದ ತೆಗೆದು ಈ ಬದಿಗೆ ಇಟ್ಟೆ. ಪ್ರತಿ ತಟ್ಟೆಯ ಕೆಳಗೂ ಹಳೆಯ ಪೇಪರ್ ಹಾಸಿದೆ, ಹನಿ ಬಿದ್ದರೆ ಮಸಿ ಹರಡಿ ಗೊತ್ತಾಗಲಿ ಎಂದು. ಕೆಲಸದಿಂದ ಬಂದ ಕೂಡಲೇ ಚಪ್ಪಲಿ ಬಿಚ್ಚಿ ಮೊಣಕಾಲೂರಿ ಪೇಪರುಗಳನ್ನು ಎತ್ತಿ ನೋಡುತ್ತಿದ್ದೆ. ಒಣಗಿರುತ್ತಿದ್ದವು. ಕೆಳಗೆ ಒಯ್ದು ತೋರಿಸುತ್ತಿದ್ದೆ. ಅಕ್ಕ ಮೇಲೆ ಕೈ ತೋರಿಸುತ್ತಿದ್ದರು. ಕಲೆ ದೊಡ್ಡದಾಗಿರುತ್ತಿತ್ತು.

ಕೊನೆಗೆ ಹಾಲ್‌ನಲ್ಲಿ ನೀರು ಹಾಕುವುದನ್ನೇ ಬಿಟ್ಟೆ. ಭಾನುವಾರ ಒಂದೊಂದೇ ಕುಂಡವನ್ನು ಎತ್ತಿಕೊಂಡು ಬಚ್ಚಲಿಗೆ ಒಯ್ಯುತ್ತಿದ್ದೆ. ಅಲ್ಲಿ ಮನಸಾರೆ ನೀರುಣಿಸಿ, ತೂತುಗಳಿಂದ ಪೂರಾ ಇಳಿಯುವವರೆಗೆ ಬಿಟ್ಟು, ತಳವನ್ನು ಬಟ್ಟೆಯಿಂದ ಒರೆಸಿ, ಮಗುವನ್ನು ಎರೆದು ತಂದ ಹಾಗೆ ಎತ್ತಿಕೊಂಡು ಬಂದು ಜಾಗದಲ್ಲಿ ಇಡುತ್ತಿದ್ದೆ. ಮನೆಯೊಳಗಿನ ಗಿಡಕ್ಕೆ ನೀರು ಹಾಕಲು ಇದಕ್ಕಿಂತ ಸ್ವಚ್ಛವಾದ ರೀತಿ ಇಲ್ಲ. ಯಾರು ಕೇಳಿದರೂ ಇವತ್ತಿಗೂ ಇದನ್ನೇ ಹೇಳುತ್ತೇನೆ. ಒಂದು ಭಾನುವಾರ ಹೀಗೆ ಓಡಾಡುತ್ತಿದ್ದಾಗ ಅಕ್ಕ ಬಂದು ಹಾಲ್‌ನಲ್ಲಿ ಕೂತಿದ್ದರು. ನಾನೇ ಚಹಾ ಕೊಟ್ಟಿದ್ದೆ. ಅವರು ಚಹಾ ಕುಡಿಯುತ್ತ ನಾನು ಬಚ್ಚಲಿಗೂ ಕಿಟಕಿಗೂ ಓಡಾಡುವುದನ್ನು ನೋಡಿದರು.

"ಹಿಂಗ ಮಾಡಿದ್ರ ನಿಂದರಬೇಕಲ್ರಿ ಅಕ್ಕಾ?" ಎಂದು ಕೇಳಿದೆ.

"ನೋಡೂಣ್ರಿ" ಎಂದರು, ಕಪ್ಪಿನೊಳಗೆ ನೋಡುತ್ತ.

ನಿಲ್ಲಲಿಲ್ಲ. ಆ ವಾರವೇ ಕಲೆ ಪರಾತದಷ್ಟಾಯಿತು, ನಡುವೆ ಹನಿ ಕಟ್ಟತೊಡಗಿತು. ಅದರ ಕೆಳಗೆ ಅವರು ಒಂದು ಪಾತೇಲಿ ಇಟ್ಟರು. ಹನಿ ಬೀಳುವ ಸಪ್ಪಳ ಮೆಟ್ಟಿಲವರೆಗೆ ಕೇಳುತ್ತಿತ್ತು. ಆ ಸಪ್ಪಳ ದಾಟಿಯೇ ನಾನು ಕೆಲಸಕ್ಕೆ ಹೋಗಬೇಕಿತ್ತು, ಬರಬೇಕಿತ್ತು. ನನಗೆ ನನ್ನ ಮೇಲೆಯೇ ಅನುಮಾನ ಹುಟ್ಟಿತು. ನೆಲದ ಟೈಲ್ಸಿನ ಸಂದುಗಳನ್ನು ಉಗುರಿನಿಂದ ಕೆರೆದು ನೋಡಿದೆ. ನೀರು ಹಾಕುವುದನ್ನು ಕಡಿಮೆ ಮಾಡಿದೆ. ಪೀಸ್ ಲಿಲಿಯ ಎಲೆಗಳು ಸೋತು ಕುಂಡದ ಅಂಚಿಗೆ ಒರಗಿದವು. ಲ್ಯಾಬಿನಲ್ಲಿ ಟ್ಯೂಬಿಗೆ ರಕ್ತ ಬಿಟ್ಟ ಮೇಲೆ ಒಂದು ಹನಿ ಕೆಳಗೆ ಬಿತ್ತೇನೋ ಎಂದು ಟೇಬಲ್ಲಿನ ಕೆಳಗೆ ಬಗ್ಗಿ ನೋಡುವ ಚಟ ಅಂಟಿಕೊಂಡಿತು. ಜೊತೆಯವರು ಏನು ಹುಡುಕುತ್ತಿದ್ದೀರಿ ಎಂದು ಕೇಳುತ್ತಿದ್ದರು.

ನನ್ನ ಗಂಡ ಇದನ್ನೆಲ್ಲ ನೋಡುತ್ತಿದ್ದರು. ಭಾರದ ಕುಂಡಗಳನ್ನು ಬಚ್ಚಲಿಗೆ ಒಯ್ಯಲು ಎರಡು ಮೂರು ಸಲ ಕೈಜೋಡಿಸಿದರು ಕೂಡ. ಒಂದು ಸಂಜೆ, ನಾನು ನೆಲದ ಮೇಲೆ ಕೂತು ಪೇಪರ್ ಬದಲಿಸುತ್ತಿದ್ದಾಗ ಹೇಳಿದರು: "ಸಾಕ ಬಿಡು. ಗಿಡಾ ಯಾರಿಗರ ಕೊಟ್ಟಬಿಡು. ಈ ಮನ್ಯಾಗ ಇನ್ನ ನಿನಗ ಸಮಾಧಾನ ಇಲ್ಲ. ಅಥಣಿಯಾಗ ಒಂದ ಮನಿ ನೋಡೀನಿ."

ನಾನು ಒಪ್ಪಿದೆ. ಇನ್ನೊಬ್ಬರ ಮನೆ ಕೆಡಿಸಿದವಳು ಅಲ್ಲಿ ಉಳಿಯುತ್ತೇನೆಂದು ಯಾವ ಬಾಯಿಂದ ಹೇಳಲಿ? ಲ್ಯಾಬಿನ ಕೆಲಸ ಬಿಟ್ಟೆ. ಗಿಡಗಳನ್ನು ಜೊತೆಯವರಿಗೆ ಹಂಚಿದೆ. ಲಿಲಿಯನ್ನು ಅಕ್ಕ ಇಟ್ಟುಕೊಂಡರು. "ನಾ ಜ್ವಾಕಿ ಮಾಡ್ತೀನಿ" ಎಂದರು. ಛತ್ತಿಗೆ ಬಣ್ಣ ಹೊಡೆಸಿಕೊಡುತ್ತೇವೆ ಎಂದು ನಾನು ಹೇಳಿದಾಗ, "ಛೇ, ಬಿಡ್ರಿ, ನೀವ ಬ್ಯಾರೇ ಅಲ್ಲ" ಎಂದು ನನ್ನ ಕೈ ಹಿಡಿದುಕೊಂಡರು. ಟೆಂಪೋ ಹೊರಡುವಾಗ ಅತ್ತರು. ಅದು ಸುಳ್ಳು ಅಳು ಎಂದು ನಾನು ಇವತ್ತಿಗೂ ಹೇಳಲಾರೆ.

ಅಥಣಿಯಲ್ಲಿ ನಾನು ಗಿಡ ತರಲಿಲ್ಲ. ಕಿಟಕಿಯ ಕಟ್ಟೆ ಖಾಲಿ ಇತ್ತು, ಖಾಲಿಯೇ ಬಿಟ್ಟೆ. ಹೊಸ ಲ್ಯಾಬಿನಲ್ಲಿ ಹೊಸಬಳಾಗಿ ಸ್ಲೈಡ್ ತೊಳೆಯುವುದರಿಂದ ಶುರು ಮಾಡಿದೆ. ಅಕ್ಕನ ಮೈದುನನ ಮದುವೆ ಆ ಬೇಸಿಗೆಯಲ್ಲಾಯಿತು. ಕರೆ ಬಂದಿತ್ತು, ಹೋಗಿ ಅಕ್ಕಿಕಾಳು ಹಾಕಿ ಬಂದೆವು. ಮದುವೆ ಮಂಗಲ ಕಾರ್ಯಾಲಯದಲ್ಲಿದ್ದದ್ದರಿಂದ ಮನೆಯ ಕಡೆ ಹೋಗಲಿಲ್ಲ.

ಭಾದ್ರಪದದಲ್ಲಿ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಒಬ್ಬರಿಗೊಬ್ಬರು ಕ್ಷಮೆ ಕೇಳುವ ದಿನ ಬರುತ್ತದೆ. ಉತ್ತಮ ಕ್ಷಮಾ ಎಂದು ಕೈ ಮುಗಿಯುತ್ತಾರೆ. ಆ ಬೆಳಿಗ್ಗೆ ಅಕ್ಕನಿಂದ ನನ್ನ ಫೋನಿಗೆ ಒಂದು ಚಿತ್ರ ಬಂತು: ಕಮಲದ ಹೂವು, ಜೋಡಿಸಿದ ಕೈಗಳು, ಗೊತ್ತಿದ್ದೋ ಗೊತ್ತಿಲ್ಲದೆಯೋ ನೋಯಿಸಿದ್ದರೆ ಕ್ಷಮಿಸಿ ಎಂಬ ಸಾಲು. ಎಲ್ಲರಿಗೂ ಕಳಿಸಿದ ಚಿತ್ರ ಎಂಬುದು ನೋಡಿದರೇ ತಿಳಿಯುತ್ತಿತ್ತು. ನಾನೂ ಎರಡು ಕೈಗಳ ಚಿತ್ರ ಕಳಿಸಿದೆ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಾಗಿಲಲ್ಲಿ ಆಯಿ ನಿಂತಿದ್ದರು. ಅವರ ಮಗಳನ್ನು ಅಥಣಿಗೇ ಕೊಟ್ಟಿದೆ. ಅಲ್ಲಿಗೆ ಬಂದವರು ಆಟೋ ಮಾಡಿಕೊಂಡು ಒಬ್ಬರೇ ನಮ್ಮ ಮನೆ ಹುಡುಕಿ ಬಂದಿದ್ದರು. ನಾನು ನೀರನ್ನು ಬಿಳಿ ಬಟ್ಟೆಯಲ್ಲಿ ಸೋಸಿ ಕೊಟ್ಟೆ. ಅವರು ಕುಡಿದು, ಲೋಟ ಕೆಳಗಿಟ್ಟು, ಕೈ ಮುಗಿದರು.

"ಕ್ಷಮಾ ಕೇಳಾಕ ಬಂದೀನಿ. ಫೋನಿನಾಗ ಕೇಳಿದ್ರ ಕೇಳಿಧಂಗ ಆಗೂದಿಲ್ಲ."

"ನೀವ್ಯಾಕ ಆಯಿ? ನೀವ ಏನ ಮಾಡೀರಿ?"

"ಸುಮ್ನ ಕುಂತೆ. ಅದನ್ನ ಮಾಡಿದ್ದು."

ನನಗೆ ತಿಳಿಯಲಿಲ್ಲ. ಅವರು ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದರು. "ಆ ಛತ್ತಿನ ಕಲಿ ನಿಮ್ಮ ಗಿಡದ್ದಲ್ಲವ್ವಾ. ನಿಮ್ಮ ಬಚ್ಚಲದ ನೀರ ಹೋಗೂ ಪೈಪ್ ನೆಲದಾಗ ಒಡದಿತ್ತು. ದೀಪಾವಳಿ ಆಗಿಂದನ ಪೈಪಿನ ಕೆಲಸದಾಂವ ಬಂದು ನೋಡಿ ಹೇಳಿ ಹೋಗಿದ್ದ. ನನ್ನ ಎದುರಿಗೇ ಹೇಳಿದ."

"ಮತ್ತ ಅಕ್ಕಾ..."

"ಸಣ್ಣಾಂವಗ ಕನ್ಯಾ ಗೊತ್ತಾಗಿತ್ತು. ಲಗ್ನಾದ ಮ್ಯಾಲ ಮ್ಯಾಲಿನ ಮನಿ ಅವರಿಗೆ ಬೇಕಿತ್ತು. ನೇರ ಹೇಳು, ಅವರು ಶಾಣ್ಯಾ ಮಂದಿ, ಬಿಡ್ತಾರ ಅಂದೆ ನಾ. ವೈನಿಗೆ ಮನಿ ಬಿಡ್ರಿ ಅನ್ನಾಕ ನನ್ನ ಬಾಯಿ ಬರೂದಿಲ್ಲ, ಇದ ನೆವಾ ಸಾಕು, ತಾವ ಹೋಗ್ತಾರ ಅಂದ್ಲು ಸೊಸಿ. ನೀವ ಪ್ಯಾಪರ್ ಹಿಡ್ಕೊಂಡ ಬಂದ ತೋರಸೂವಾಗೆಲ್ಲಾ ನಾ ಅಲ್ಲೇ ಕುರ್ಚಿ ಮ್ಯಾಲ ಇರ್ತಿದ್ದೆ. ಮಾಲಿ ಎಣಸ್ತಿದ್ದೆ."

ನಾನು ಗೋಡೆಗೆ ಬೆನ್ನು ಕೊಟ್ಟು ಕೂತೆ. ಬಚ್ಚಲು. ಭಾನುವಾರಗಳೆಲ್ಲ ನಾನು ಬಕೆಟ್ಟುಗಟ್ಟಲೆ ನೀರು ಹೊಯ್ದದ್ದು ಅಲ್ಲಿಯೇ. ಒಂದು ಹನಿಯೂ ಬೀಳದಿರಲಿ ಎಂದು ನಾನು ಮಾಡಿದ ಎಚ್ಚರಿಕೆಯೇ ಆ ಕಲೆಯನ್ನು ಬೆಳೆಸಿತ್ತು. ಅಕ್ಕ ಸೋಫಾದ ಮೇಲೆ ಕೂತು, ನಾನು ಕೊಟ್ಟ ಚಹಾ ಕುಡಿಯುತ್ತ, ಅದನ್ನು ನೋಡಿದ್ದರು.

ಆಯಿಯ ಮಾತು ಇನ್ನೂ ಮುಗಿದಿರಲಿಲ್ಲ. "ಇಷ್ಟ ದಿನದಾಗ ನಿಮ್ಮ ಮನಿಯವರು ನಿಮಗ ಹೇಳಿರ್ತಾರ ಅಂತ ತಿಳಿದಿದ್ದೆ. ನಿಮ್ಮ ಮಾರಿ ನೋಡಿದ್ರ ಹೇಳಿಲ್ಲಂತ ಕಾಣತೈತಿ."

"ಅವರಿಗೆ ಗೊತ್ತಿತ್ತಾ?"

"ನನ್ನ ಮಗಾ ಆಗಲೇ ಅವರಿಗೆ ಹೇಳಿದ್ದನಲ್ಲವ್ವಾ. ಹಿಂಗಿಂಗ ಐತಿ, ಲಗ್ನಾ ಐತಿ ಅಂತ. ಇವರು, ಆತ್ರಿ, ನಾ ನೋಡ್ಕೋತೀನಿ ಅಂದಿದ್ರು."

ಆಯಿ ಮತ್ತೆ ಕೈ ಮುಗಿದರು. ನಾನು ಆ ಕೈಗಳನ್ನು ಹಿಡಿದು ಕೆಳಗಿಳಿಸಿ, ಉತ್ತಮ ಕ್ಷಮಾ ಎಂದೆ. ಅವರಿಗೆ ಹೇಳಿದ್ದು ನಿಜವಾಗಿಯೂ ಮನಸ್ಸಿನಿಂದಲೇ. ಹೊತ್ತು ಮುಳುಗುವ ಮೊದಲು ಊಟಕ್ಕೆ ಮಗಳ ಮನೆ ಸೇರಬೇಕೆಂದು ಅವರು ಹೊರಟಾಗ ರಸ್ತೆಯವರೆಗೆ ಹೋಗಿ ಆಟೋ ಹತ್ತಿಸಿ ಬಂದೆ.

ಗಂಡ ಬಂದರು. ಕೈಕಾಲು ತೊಳೆದುಕೊಂಡರು. ಚಹಾ ಕೊಟ್ಟು ಎದುರಿಗೆ ಕೂತೆ.

"ಚಿಕ್ಕೋಡಿ ಮನಿ ಬಚ್ಚಲದ ಪೈಪ್ ಒಡದಿದ್ದು ನಿಮಗ ಗೊತ್ತಿತ್ತೇನ್ರಿ?"

ಅವರು ಇಲ್ಲವೆನ್ನಲಿಲ್ಲ. ಕಪ್ಪನ್ನು ಬಸಿಯ ಮೇಲೆ ಇಟ್ಟರು. "ಯಾರು ಹೇಳಿದ್ರು?" ಎಂದರು.

"ಅದನ್ನ ಕೇಳಬ್ಯಾಡ್ರಿ. ಗೊತ್ತಿತ್ತೋ ಇಲ್ಲೋ?"

"ಗೊತ್ತಿತ್ತು. ಹ್ಯಾಂಗೂ ಅವರಿಗೆ ಮನಿ ಬೇಕಿತ್ತು. ನನಗೂ ಬಸ್ಸಿನಾಗ ಅಡ್ಡಾಡಿ ಸಾಕಾಗಿತ್ತು. ಅಥಣಿಗೆ ಹೋಗೂಣು ಅಂದ್ರ ನೀ ಒಪ್ತಿದ್ದಿಲ್ಲ. ಪೈಪಿನ ವಿಷಯಾ ಹೇಳಿದ್ರ ನೀ ಕೆಳಗ ಹೋಗಿ ಜಗಳಾ ತಗೀತಿದ್ದಿ. ಅದಕ ಸುಮ್ನಿದ್ದೆ. ಯಾರಿಗೂ ಮನಸ್ತಾಪ ಆಗದ ಮುಗೀಲಿ ಅಂತ."

"ನಾ ನೆಲಾ ಕೆರದ ನೋಡ್ತಿದ್ದೆ. ನೀವ ಅಲ್ಲೇ ಕುಂತಿರ್ತಿದ್ರಿ."

"ನಿಂದ ಹಟಾ ಅಷ್ಟ ಇರತೈತಿ ಅಂತ ನನಗ ಗೊತ್ತಿರಲಿಲ್ಲ. ನಾಕ ದಿನಾ ಮಾಡಿ ಬಿಡ್ತಿ ಅನ್ಕೊಂಡಿದ್ದೆ."

"ಕುಂಡಾ ಎತ್ತಾಕ ಕೈ ಹಚ್ಚಿದ್ರಲ್ರಿ ನೀವು. ಬಚ್ಚಲಕ್ಕ ಒಯ್ದ ಕೊಟ್ರಿ."

ಅವರು ಎದ್ದು ಕಪ್ಪನ್ನು ಒಳಗೆ ಇಟ್ಟು ಬಂದರು. ಅಕ್ಕನ ವಂಚನೆಗಿಂತ ನನಗೆ ಇದೇ ಹೆಚ್ಚು ನಾಟಿತು. ಅಕ್ಕ ಸುಳ್ಳು ಹೇಳಿದ್ದರು, ಸರಿ. ಇವರು ಸುಳ್ಳನ್ನೂ ಹೇಳಿರಲಿಲ್ಲ. ಒಡೆದ ಪೈಪಿನ ಮೇಲೆ ನೀರು ಹೊಯ್ಯಲು ಕುಂಡಗಳನ್ನು ನನ್ನ ಜೊತೆ ಹೊತ್ತಿದ್ದರು. ಆ ನಾಲ್ಕು ತಿಂಗಳು ಒಂದೇ ಕಟ್ಟಡದಲ್ಲಿ ನಾವು ಐದು ಜನ ಇದ್ದೆವು, ನಾಲ್ವರಿಗೆ ಗೊತ್ತಿತ್ತು. ನಾನೊಬ್ಬಳು ಮೊಣಕಾಲೂರಿ ಪೇಪರ್ ಎತ್ತಿ ನೋಡುತ್ತಿದ್ದೆ.

ಮುಂದಿನ ಭಾನುವಾರ ಒಬ್ಬಳೇ ಬಸ್ಸು ಹತ್ತಿ ಚಿಕ್ಕೋಡಿಗೆ ಹೋದೆ. ಅಕ್ಕ ಬಾಗಿಲು ತೆರೆದರು. ನನ್ನ ಮುಖ ನೋಡಿದ ಕೂಡಲೇ ಅವರಿಗೆ ಗೊತ್ತಾಯಿತು. ಛತ್ತಿಗೆ ಹೊಸ ಬಣ್ಣ ಹೊಡೆದಿತ್ತು, ಕಲೆ ಎಲ್ಲಿತ್ತೆಂದು ಹುಡುಕಬೇಕಿತ್ತು. ಮೇಲಿನಿಂದ ಹೊಸ ಸೊಸೆ ನಗುವುದು ಕೇಳಿಸುತ್ತಿತ್ತು. ಆಯಿ ಒಳಗಿನ ಕೋಣೆಯಿಂದ ಬರಲಿಲ್ಲ.

"ಕೂಡ್ರಿ ವೈನಿ."

"ನಿಂತ ಮಾತಾಡ್ತೀನ್ರಿ."

ಅವರೇ ಶುರು ಮಾಡಿದರು. "ಬ್ಯಾರೇ ಬಾಡಿಗಿಯವರಿದ್ರ ಒಂದ ಮಾತಿನಾಗ ಬಿಡ್ರಿ ಅಂತಿದ್ದೆ. ನಿಮಗ ಹ್ಯಾಂಗ ಅನ್ನೂದ್ರಿ? ನೀವ ನನ್ನ ಸ್ವಂತ ತಂಗಿ ಹಂಗ ಇದ್ರಿ. ನಾ ಬಿಡಸಿದೆ ಅಂತ ನಿಮ್ಮ ಮನಸ್ಸಿನಾಗ ಬರಬಾರದಿತ್ತು."

"ಅದಕ ನಾನ ಕೆಡಿಸಿದೆ ಅಂತ ನನ್ನ ಮನಸ್ಸಿನಾಗ ಹಾಕಿದ್ರಿ."

ಅವರು ತಲೆ ತಗ್ಗಿಸಿದರು.

"ಬಿಡ್ರಿ ಅಂದಿದ್ರ ನನಗ ಸಿಟ್ಟ ಬರತಿತ್ತಕ್ಕಾ. ಸಿಟ್ಟ ಮಾಡ್ಕೊಂಡ ಬಿಡ್ತಿದ್ದೆ. ಒಂದ ವರ್ಷಕ್ಕ ಇಳೀತಿತ್ತು. ಆದ್ರ ನನ್ನ ಕೈ ಮ್ಯಾಲ ನನಗ ಸಂಶೇ ಬರತಿದ್ದಿಲ್ಲ. ನಾ ದಿನಾ ರಕ್ತಾ ಹಿಡಿಯೂ ಕೈರಿ ಇವು."

ಅಕ್ಕ ಅಳತೊಡಗಿದರು. ಈ ಸಲ ನನಗೆ ಏನೂ ಅನ್ನಿಸಲಿಲ್ಲ. ಕಿಟಕಿಯ ಹತ್ತಿರ ನನ್ನ ಲಿಲಿ ಇತ್ತು, ಎರಡು ಬಿಳಿ ಹೂ ಬಿಟ್ಟಿತ್ತು, ತಟ್ಟೆ ಒಣಗಿತ್ತು. ಚೆನ್ನಾಗಿಯೇ ನೋಡಿಕೊಂಡಿದ್ದರು. ನಾನು ನೋಡಿದ್ದನ್ನು ನೋಡಿ, "ಒಯ್ತೀರೇನ್ರಿ?" ಎಂದರು. ಬೇಡವೆಂದೆ. ಹೊಸ್ತಿಲು ದಾಟಿ ಬಸ್‌ಸ್ಟ್ಯಾಂಡಿಗೆ ನಡೆದೆ. ಅವರು ಗೇಟಿನವರೆಗೆ ಬಂದರು, ಕರೆಯಲಿಲ್ಲ. ಅದರ ನಂತರ ನಾವು ಮಾತಾಡಿಲ್ಲ. ವರ್ಷಕ್ಕೊಮ್ಮೆ ಆ ಕಮಲದ ಚಿತ್ರ ಬರುತ್ತದೆ. ತೆರೆದು ನೋಡುತ್ತೇನೆ, ಉತ್ತರ ಬರೆಯುವುದಿಲ್ಲ.

ಗಂಡನ ಜೊತೆ ಹಾಗೆ ಬಾಗಿಲು ಮುಚ್ಚಿಕೊಳ್ಳಲು ಬರುವುದಿಲ್ಲ. ಒಂದೇ ಮನೆ, ಒಂದೇ ಅಡುಗೆ. ಕೆಲವು ದಿನ ಅವರ ಜೊತೆ ಅಗತ್ಯವಿದ್ದಷ್ಟೇ ಮಾತಾಡಿದೆ. ಅವರು ತಪ್ಪಾಯಿತು ಎಂದು ಒಂದೇ ಸಲ ಹೇಳಿದರು, ಹೇಳುವಾಗ ನನ್ನ ಮುಖ ನೋಡಲಿಲ್ಲ. ದ್ರಾಕ್ಷಿ ಕೊಯ್ಲಿನ ಹೊತ್ತಿಗೆ ಮಾತು ಮೊದಲಿನಂತಾಯಿತು. ಒಳಗೆ ಮೊದಲಿನಂತಾಗಲಿಲ್ಲ. ಅವರು ತಡವಾಗಿ ಬಂದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡಿದ್ದೆ ಎಂದರೆ, ಈ ಹಂಗಾಮಿನಲ್ಲಿ ಕಬ್ಬು ಎಲ್ಲಿದೆ ಎಂದು ಒಳಗೊಳಗೇ ಲೆಕ್ಕ ಹಾಕುತ್ತೇನೆ.

ಗಿಡಗಳು ಮತ್ತೆ ಬಂದಿವೆ. ಒಂದು ದಿನ ಹಟಕ್ಕೆ ಬಿದ್ದವಳಂತೆ ಹೋಗಿ ಒಂದೇ ಸಲಕ್ಕೆ ಮೂರು ತಂದೆ. ಹಾಲ್‌ನಲ್ಲಿಯೇ ಹಾಳೆ ಹಾಸಿ, ಹದ ಮಾಡಿದ ಮಣ್ಣು ತುಂಬಿ, ಹಾಲ್‌ನಲ್ಲಿಯೇ ನೀರು ಹಾಕಿದೆ. ಮೊದಲ ಸಲ ತಟ್ಟೆಗೆ ಎಷ್ಟು ಇಳಿಯುತ್ತದೆ ಎಂದು ಕಾದು ಕೂತೆ. ಇಳಿದದ್ದು ಒಂದು ಚಮಚದಷ್ಟು. ಲ್ಯಾಬಿನಲ್ಲಿ ಬಗ್ಗಿ ನೋಡುವ ಚಟ ನಿಧಾನಕ್ಕೆ ಬಿಟ್ಟಿತು. ಕಲಿಸಿದವರ ಮೇಲಿನ ಮನಸ್ಸು ಮುರಿದರೂ ಕಲಿತ ಕೆಲಸ ಕೈಯಲ್ಲಿ ಉಳಿದಿದೆ, ಅದನ್ನು ಏನು ಮಾಡಲಿ.

ಕಳೆದ ತಿಂಗಳು ನನ್ನ ಗಂಡ ಕೆಲಸದಿಂದ ಬಂದವರು ಚಪ್ಪಲಿ ಬಿಚ್ಚುವ ಮೊದಲೇ ಹೊಸ್ತಿಲಲ್ಲಿ ನಿಂತು ಹೇಳಿದರು. "ಮಾಲಕರು ಬರೂ ವರ್ಷ ಈ ಮನಿ ಕೆಡವಿ ಕಟ್ತಾರಂತ. ಈಗ ರಸ್ತೇದಾಗ ಸಿಕ್ಕಿದ್ರು, ಈಗ ಹೇಳಿದ್ರು. ನಾವು ಬಿಡಬೇಕಾಗತೈತಿ. ಅದನ್ನ ನಿನಗ ಈಗ ಹೇಳಾಕತ್ತೀನಿ."

ಈಗ ಎಂಬ ಮಾತನ್ನು ಅವರು ಒತ್ತಿ ಹೇಳಿದ್ದು ನನಗೆ ಕೇಳಿಸಿತು. ಹೂಂ ಎಂದು ಚಹಾಕ್ಕೆ ಇಟ್ಟೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಹಿಂದಿನ ಓಣಿಯ ಮಾಲೀಕರ ಮನೆಗೆ ಹೋಗಿ ಕದ ತಟ್ಟಿದೆ. ಮನೆ ಕೆಡವುತ್ತೀರಂತೆ, ಹೌದೇ ಎಂದು ಕೇಳಿದೆ. ಹೌದೆಂದರು. ನಿನ್ನೆ ಸಂಜೆಯಷ್ಟೇ ನಿಮ್ಮವರಿಗೆ ಹೇಳಿದೆ, ಅವರು ಹೇಳಲಿಲ್ಲವೇ ಎಂದರು. ಹೇಳಿದರು ಎಂದೆ, ಲ್ಯಾಬಿಗೆ ಹೊರಟೆ.